ಮನೆಯೊಳಗೆ ಬರುವ ಸಹಸ್ರಪದಿ: ಗುರುತು, ಎಚ್ಚರ ಮತ್ತು ನಿವಾರಣೋಪಾಯ



ಮೃಗಶಿರಾ ಮಳೆ ಹಿಡಿದು ಆರಿದ್ರಾ ಮಳೆ ಕಾಲಿಡುವ ಹೊತ್ತಿಗೆ ನಮ್ಮಂತಹ ಹಳ್ಳಿಗಾಡಿನ ವೈದ್ಯರ ಬಳಿಗೆ ಬರುವ ದೂರುಗಳ ಸ್ವರೂಪವೇ ಬದಲಾಗುತ್ತದೆ. ನೆಗಡಿ, ಕೆಮ್ಮು, ಜ್ವರ, ಅತಿಸಾರಗಳು ಪ್ರತಿವರ್ಷವೂ ಇದ್ದೇ ಇರುತ್ತವೆ. ಅವುಗಳ ನಡುವೆ ಮಳೆಗಾಲದಲ್ಲಿ ಮಾತ್ರ ಕಾಣಿಸುವ ಇನ್ನೊಂದು ದೂರು ಉಂಟು. “ಡಾಕ್ಟರೇ, ರಾತ್ರಿ ಮಲಗಿದ್ದಾಗ ಏನೋ ಹರಿದಾಡಿತು. ಬೆಳಗ್ಗೆ ನೋಡಿದರೆ ಚರ್ಮ ಸುಟ್ಟಂತೆ ಕಪ್ಪಾಗಿದೆ” ಎಂಬುದೇ ಆ ದೂರು.

ಕೆಲವು ವರ್ಷಗಳ ಹಿಂದೆ ಆಷಾಢ ಮಾಸದ ಒಂದು ಬೆಳಗ್ಗೆ ರೈತ ದಂಪತಿಗಳು ಆರು ವರ್ಷದ ತಮ್ಮ ಮಗನನ್ನು ಎತ್ತಿಕೊಂಡು ಬಂದರು. ಮಗುವಿನ ಬಲಗಣ್ಣು ಊದಿಕೊಂಡು ಮುಚ್ಚಿಹೋಗಿತ್ತು. ಕೆನ್ನೆಯಿಂದ ಕಣ್ಣಿನ ಅಂಚಿನವರೆಗೆ ಕಂದುಬಣ್ಣದ ಪಟ್ಟೆಯೊಂದು ಎಳೆದಂತಿತ್ತು. ಮನೆಯ ಹಿರಿಯರು ಅದನ್ನು ಸರ್ಪಸುತ್ತು ಎಂದು ಭಾವಿಸಿ ಕೆಮ್ಮಣ್ಣು ಬಳಿದಿದ್ದರು. ನೆರೆಯವರ ಮಾತು ಕೇಳಿ ಕಣ್ಣಿಗೆ ಜೇನುತುಪ್ಪವನ್ನೂ ಹಾಕಿದ್ದರು. ನಾನು ವಿವರವಾಗಿ ವಿಚಾರಿಸಿದಾಗ ತಾಯಿ, “ಚಾಪೆ ಮಡಚುವಾಗ ದಿಂಬಿನ ಕೆಳಗೆ ಒಂದು ಒನಕೆಬಂಡಿ ಅಪ್ಪಚ್ಚಿಯಾಗಿ ಬಿದ್ದಿತ್ತು” ಎಂದು ಹೇಳಿದರು. ಆಗ ಎಲ್ಲವೂ ಸ್ಪಷ್ಟವಾಯಿತು. ಕಣ್ಣನ್ನು ಧಾರಾಳವಾಗಿ ನೀರಿನಿಂದ ತೊಳೆದು, ಕೂಡಲೇ ನೇತ್ರತಜ್ಞರ ಬಳಿಗೆ ಕಳುಹಿಸಿದೆ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಹುಣ್ಣಾಗಿತ್ತು. ಹಲವು ವಾರಗಳ ಚಿಕಿತ್ಸೆಯ ನಂತರ ಮಗುವಿನ ದೃಷ್ಟಿ ಉಳಿಯಿತು.

ಆ ರಾತ್ರಿ ಮಗು ಅತ್ತು ಎದ್ದ ಕೂಡಲೇ ಒಂದು ಬಿಂದಿಗೆ ಶುದ್ಧವಾದ ನೀರಿನಿಂದ ಕಣ್ಣು ತೊಳೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ! ಆ ಹಿರಿಯರನ್ನು ನಾನು ದೂಷಿಸಲಾರೆ. ವೃತ್ತಿಯ ಮೊದಲ ವರ್ಷಗಳಲ್ಲಿ ಇಂತಹುದೇ ಪಟ್ಟೆಯನ್ನು ಕಂಡು ಸರ್ಪಸುತ್ತು ಎಂದೇ ತಿಳಿದು ಒಂದು ವಾರ ಔಷಧಿ ಕೊಟ್ಟವನು ನಾನು. ಆದ್ದರಿಂದ ಈ ಸಂಚಿಕೆಯಲ್ಲಿ ಸಹಸ್ರಪದಿಯನ್ನು ಗುರುತಿಸುವ ಬಗೆ, ಅದು ಮೈಗೆ ಸೋಕಿದಾಗ ಮಾಡಬೇಕಾದುದು, ಮಾಡಬಾರದುದು ಹಾಗೂ ಮನೆಯಿಂದ ಅದನ್ನು ದೂರವಿಡುವ ಕ್ರಮಗಳನ್ನು ಕುರಿತು ಬರೆಯುತ್ತಿದ್ದೇನೆ.

ಯಾವುದು ಸಹಸ್ರಪದಿ, ಯಾವುದು ಜರಿ?

ಸಹಸ್ರಪದಿಯನ್ನು ಸಾವಿರ ಕಾಲಿನ ಹುಳು, ಒನಕೆಬಂಡಿ ಎಂದು ಕರೆಯುವ ರೂಢಿಯಿದೆ. ಕರಾವಳಿಯ ಜನ ಚೋರಟೆ ಎನ್ನುತ್ತಾರೆ. ಮಕ್ಕಳ ಬಾಯಲ್ಲಿ ಅದು ರೈಲುಹುಳು. ಹೆಸರಿನಲ್ಲಿ ಸಾವಿರವಿದ್ದರೂ ನಮ್ಮ ಹಿತ್ತಲಿನಲ್ಲಿ ಕಾಣುವವುಗಳಿಗೆ ಅರವತ್ತರಿಂದ ಇನ್ನೂರು ಮುನ್ನೂರು ಕಾಲುಗಳಿರುತ್ತವೆ, ಅಷ್ಟೆ. ನಿಜವಾಗಿಯೂ ಸಾವಿರಕ್ಕಿಂತ ಹೆಚ್ಚು ಕಾಲುಗಳುಳ್ಳ ಪ್ರಭೇದವನ್ನು ವಿಜ್ಞಾನಿಗಳು ಮೊದಲ ಬಾರಿಗೆ ವಿವರಿಸಿದ್ದು 2021ರಲ್ಲಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನೆಲದಾಳದಿಂದ ದೊರೆತ ಆ ಜೀವಿಗೆ 1,306 ಕಾಲುಗಳಿದ್ದವು.

ಜನರು ಸಾಮಾನ್ಯವಾಗಿ ಸಹಸ್ರಪದಿಯನ್ನೂ ಜರಿಯನ್ನೂ ಒಂದೇ ಎಂದು ತಿಳಿದು ಎರಡಕ್ಕೂ ಸಮನಾಗಿ ಹೆದರುತ್ತಾರೆ. ಇವೆರಡರ ವ್ಯತ್ಯಾಸವನ್ನು ಮೊದಲು ತಿಳಿಯುವುದು ಅಗತ್ಯ.

ಸಹಸ್ರಪದಿಯ ಮೈ ಸಾಮಾನ್ಯವಾಗಿ ದುಂಡಗೆ ಕೊಳವೆಯಂತಿದ್ದು, ಉಂಗುರಗಳನ್ನು ಪೋಣಿಸಿದಂತೆ ಕಾಣುತ್ತದೆ. ಮುಂಭಾಗದ ಕೆಲವನ್ನು ಬಿಟ್ಟರೆ ಪ್ರತಿಯೊಂದು ಉಂಗುರಕ್ಕೂ ಎರಡೆರಡು ಜೊತೆ ಕಾಲುಗಳಿರುತ್ತವೆ. ಕಾಲುಗಳು ಚಿಕ್ಕವು, ಹೊಟ್ಟೆಯ ಅಡಿಯಲ್ಲಿ ಅಡಗಿರುತ್ತವೆ. ನಡಿಗೆ ನಿಧಾನ. ಮುಟ್ಟಿದರೆ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ಸುಮ್ಮನಾಗುತ್ತದೆ. ಅದಕ್ಕೆ ವಿಷದ ಹಲ್ಲಾಗಲಿ ಕೊಂಡಿಯಾಗಲಿ ಇಲ್ಲ. ಅದು ಕಚ್ಚುವುದಿಲ್ಲ.

ಜರಿ ಅಥವಾ ಶತಪದಿಯ ಮೈ ಚಪ್ಪಟೆ. ಪ್ರತಿ ಖಂಡಕ್ಕೆ ಒಂದೇ ಜೊತೆ ಕಾಲು. ಆ ಕಾಲುಗಳು ಮೈಯ ಎರಡೂ ಬದಿಗೆ ಚಾಚಿಕೊಂಡಿರುತ್ತವೆ. ಅದು ಅತಿ ವೇಗವಾಗಿ ಓಡುತ್ತದೆ, ಇತರ ಹುಳುಗಳನ್ನು ಬೇಟೆಯಾಡಿ ತಿನ್ನುತ್ತದೆ. ತಲೆಯ ಕೆಳಗಿರುವ ಕೊಕ್ಕೆಯಂತಹ ಅಂಗಗಳಿಂದ ವಿಷವನ್ನು ಚುಚ್ಚುತ್ತದೆ. ಅದರ ಕಡಿತದಿಂದ ತೀವ್ರವಾದ ನೋವು, ಊತ, ಉರಿ ಉಂಟಾಗುತ್ತವೆ. ಸುಶ್ರುತಸಂಹಿತೆಯ ಕಲ್ಪಸ್ಥಾನದ 8ನೇ ಅಧ್ಯಾಯವಾದ ಕೀಟಕಲ್ಪದಲ್ಲಿ ಶತಪದಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ ಅವುಗಳ ವಿಷಲಕ್ಷಣಗಳನ್ನು ಹೇಳಲಾಗಿದೆ. ಕಾಲು ಹೆಚ್ಚಿರುವ ಹುಳುಗಳಲ್ಲೆಲ್ಲ ಒಂದೇ ಬಗೆಯ ದೋಷವಿಲ್ಲ, ಬಣ್ಣವನ್ನೂ ಲಕ್ಷಣವನ್ನೂ ನೋಡಿ ನಿರ್ಣಯಿಸಬೇಕು ಎಂಬ ವಿವೇಕ ನಮ್ಮ ಶಾಸ್ತ್ರಕಾರರಿಗೆ ಇತ್ತು.

ಮಳೆಗಾಲದಲ್ಲಿ ಬಚ್ಚಲಿನಲ್ಲಿ ಕಾಣುವ ಇನ್ನೊಂದು ಜೀವಿ ಹುಳುಹಾವು. ಎರೆಹುಳುವಿನಂತೆ ತೆಳ್ಳಗಿರುವ, ಹೊಳೆಯುವ, ಕಾಲುಗಳೇ ಇಲ್ಲದ ಈ ಪುಟ್ಟ ಹಾವಿಗೆ ವಿಷವಿಲ್ಲ. ಆದರೆ ಕಂಡದ್ದು ಹುಳುಹಾವೋ ಬೇರೆ ಹಾವಿನ ಮರಿಯೋ ಎಂಬ ಅನುಮಾನವಿದ್ದಲ್ಲಿ ಕೈಹಾಕಬಾರದು.

ಕಚ್ಚದ ಹುಳುವಿನಿಂದ ಸುಟ್ಟಂತಹ ಗಾಯ ಹೇಗೆ?

ಓಡಲಾರದ, ಕಚ್ಚಲಾರದ ಈ ಜೀವಿಗೆ ಆತ್ಮರಕ್ಷಣೆಗಾಗಿ ಪ್ರಕೃತಿಯು ಒಂದು ದ್ರವವನ್ನು ಕೊಟ್ಟಿದೆ. ಮೈಯ ಪಕ್ಕಗಳಲ್ಲಿ ಸಾಲಾಗಿರುವ ಸೂಕ್ಷ್ಮ ರಂಧ್ರಗಳಿಂದ, ಹುಳುವನ್ನು ಹಿಸುಕಿದಾಗ ಅಥವಾ ಕೆಣಕಿದಾಗ, ಈ ದ್ರವ ಒಸರುತ್ತದೆ. ದುಂಡು ಮೈಯ ಅನೇಕ ಪ್ರಭೇದಗಳಲ್ಲಿ ಇದು ಬೆಂಜೊಕ್ವಿನೋನ್ ಎಂಬ ರಾಸಾಯನಿಕ ವರ್ಗಕ್ಕೆ ಸೇರಿದ್ದು. ಘಾಟು ವಾಸನೆಯ ಈ ದ್ರವವು ಚರ್ಮಕ್ಕೆ ತಾಗಿದರೆ ಮೊದಲು ಹಳದಿ, ನಂತರ ಕಂದು ಅಥವಾ ಕಪ್ಪು ಬಣ್ಣದ ಕಲೆಯಾಗುತ್ತದೆ. ಉರಿ, ಕೆಂಪಾಗುವಿಕೆ, ಕೆಲವರಲ್ಲಿ ಬೊಕ್ಕೆಗಳು ಕಾಣಿಸಿಕೊಳ್ಳಬಹುದು. ಉರಿ ಕೆಲವು ದಿನಗಳಲ್ಲಿ ಶಮನವಾದರೂ ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ.

ಚಪ್ಪಲಿ ಅಥವಾ ಬೂಟಿನೊಳಗೆ ಹುಳು ಸೇರಿಕೊಂಡು, ಅರಿಯದೆ ಕಾಲಿಟ್ಟಾಗ ಬೆರಳುಗಳು ಕಪ್ಪಾಗುವುದುಂಟು. ಮಧುಮೇಹವಿರುವ ಹಿರಿಯರೊಬ್ಬರು ಹೀಗೆ ಕಪ್ಪಾದ ಹೆಬ್ಬೆರಳನ್ನು ನೋಡಿ, “ಗ್ಯಾಂಗ್ರೀನ್ ಆಯಿತು, ಬೆರಳು ಹೋಯಿತು” ಎಂದು ಮನೆಯವರೆಲ್ಲರೊಂದಿಗೆ ಕಂಗಾಲಾಗಿ ಬಂದಿದ್ದರು. ಬೆರಳು ಬೆಚ್ಚಗಿತ್ತು, ಸ್ಪರ್ಶಜ್ಞಾನವಿತ್ತು, ಬೂಟನ್ನು ತರಿಸಿ ಕೊಡವಿದಾಗ ಹುಳುವಿನ ತುಂಡುಗಳು ಉದುರಿದವು. ಅಂದು ಎಲ್ಲರೂ ನಕ್ಕೆವು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮಧುಮೇಹಿಗಳು ಕಾಲ್ಬೆರಳು ಕಪ್ಪಾದುದನ್ನು ಕಂಡು “ಹುಳು ಸೋಕಿರಬೇಕು” ಎಂದು ತಾವೇ ತೀರ್ಮಾನಿಸಿ ಸುಮ್ಮನಿರಬಾರದು. ಅಂದೇ ವೈದ್ಯರಿಗೆ ತೋರಿಸಬೇಕು.

ಸೋಕಿದಾಗ ಏನು ಮಾಡಬೇಕು?

ಚರ್ಮಕ್ಕೆ ದ್ರವ ತಾಗಿದರೆ ಹುಳುವನ್ನು ಹೊಸಕದೆ ಎಲೆಯಿಂದಲೋ ಕಾಗದದಿಂದಲೋ ಸರಿಸಿ, ಆ ಜಾಗವನ್ನು ಸಾಬೂನು ಹಚ್ಚಿ ಧಾರಾಳವಾಗಿ ನೀರಿನಿಂದ ತೊಳೆಯಿರಿ. ಇದೇ ಮೊದಲ ಮತ್ತು ಮುಖ್ಯವಾದ ಚಿಕಿತ್ಸೆ. ತೊಳೆಯುವ ಮೊದಲೇ ಎಣ್ಣೆ, ತುಪ್ಪ, ಅರಿಶಿನ ಮುಂತಾದವುಗಳನ್ನು ಹಚ್ಚಿದರೆ ದ್ರವವು ಚರ್ಮದ ಮೇಲೆಯೇ ಉಳಿದುಕೊಳ್ಳುತ್ತದೆ. ಸುಣ್ಣವನ್ನು ಎಂದಿಗೂ ಹಚ್ಚಬೇಡಿ, ಅದೇ ಇನ್ನೊಂದು ಸುಟ್ಟಗಾಯಕ್ಕೆ ಕಾರಣವಾದೀತು. ಚೆನ್ನಾಗಿ ತೊಳೆದ ಮೇಲೆ, ಚರ್ಮ ಒಡೆದಿರದಿದ್ದರೆ, ಉರಿಶಮನಕ್ಕಾಗಿ ಶತಧೌತಘೃತವನ್ನು, ಅಂದರೆ ನೀರಿನಲ್ಲಿ ನೂರು ಬಾರಿ ತೊಳೆದ ತುಪ್ಪವನ್ನು, ತೆಳುವಾಗಿ ಲೇಪಿಸಬಹುದು. ಕಲೆಯನ್ನು ಉಜ್ಜಿ ತೆಗೆಯುವ ಪ್ರಯತ್ನ ಬೇಡ, ಅದು ಕಾಲಕ್ರಮದಲ್ಲಿ ತಾನಾಗಿಯೇ ಮಾಯುತ್ತದೆ. ಬೊಕ್ಕೆ ಎದ್ದರೆ, ಕೀವು ತುಂಬಿದರೆ, ನೋವು ಹೆಚ್ಚುತ್ತ ಹೋದರೆ ವೈದ್ಯರನ್ನು ಕಾಣಬೇಕು.

ಕಣ್ಣಿಗೆ ತಾಗಿದರೆ ಅದು ತುರ್ತುಸ್ಥಿತಿ ಎಂದೇ ಭಾವಿಸಬೇಕು. ಮಗುವನ್ನು ಮಲಗಿಸಿ, ತಾಗಿದ ಕಣ್ಣು ಕೆಳಬದಿಗೆ ಬರುವಂತೆ ತಲೆಯನ್ನು ಓರೆಮಾಡಿ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಗಿನ ಕಡೆಗೆ ಹರಿಯುವಂತೆ ಶುದ್ಧವಾದ ನೀರನ್ನು ಸಣ್ಣ ಧಾರೆಯಾಗಿ ಬಿಡಬೇಕು. ಕನಿಷ್ಠ 15ರಿಂದ 20 ನಿಮಿಷ ಬಿಡದೆ ತೊಳೆಯಬೇಕು. ಕಣ್ಣು ಉಜ್ಜಲು ಬಿಡಬಾರದು. ನಂತರ ಅದೇ ದಿನ ನೇತ್ರತಜ್ಞರಲ್ಲಿಗೆ ಕರೆದೊಯ್ಯಬೇಕು. ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ, ಮನೆಯಲ್ಲಿ ಉಳಿದಿರುವ ಹಳೆಯ ಕಣ್ಣಿನ ಹನಿ ಯಾವುದನ್ನೂ ಹಾಕಬಾರದು. ಆಯುರ್ವೇದ ವೈದ್ಯನಾಗಿ ನಾನೇ ಇದನ್ನು ಹೇಳುತ್ತಿರುವೆನಾದ್ದರಿಂದ ನಂಬಿರಿ. ನಮ್ಮ ಶಾಸ್ತ್ರದಲ್ಲಿ ನೇತ್ರಕ್ಕೆ ಹೇಳಿರುವ ಕ್ರಿಯೆಗಳು ದೋಷ, ಕಾಲ, ಅವಸ್ಥೆಗಳನ್ನು ಪರೀಕ್ಷಿಸಿ ವೈದ್ಯನು ಮಾಡತಕ್ಕವು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಸುರಿಯುವುದು ಆಯುರ್ವೇದವಲ್ಲ.

ಹುಳುವು ಕಿವಿಯೊಳಗೆ ಹೋಗಿ ಮೆದುಳನ್ನು ತಿನ್ನುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಕಿವಿಯ ನಾಳದ ಕೊನೆಯಲ್ಲಿ ಕಿವಿದೆರೆ ಇದೆ, ಅದನ್ನು ದಾಟಿ ಹುಳು ಮೆದುಳಿಗೆ ಹೋಗಲಾರದು. ಕಿವಿಗೆ ಯಾವ ಹುಳು ಹೊಕ್ಕರೂ ಕಡ್ಡಿ, ಹೇರ್‌ಪಿನ್ ಹಾಕಿ ಕೆದಕದೆ ಕಿವಿಯ ವೈದ್ಯರಲ್ಲಿಗೆ ಹೋಗಬೇಕು. ಕೆದಕುವುದರಿಂದಲೇ ಕಿವಿದೆರೆ ಹರಿಯುವ ಅಪಾಯ ಹೆಚ್ಚು. ಅಂಬೆಗಾಲಿಡುವ ಮಗು ಹುಳುವನ್ನು ಬಾಯಿಗೆ ಹಾಕಿಕೊಂಡರೆ ಅದನ್ನು ತೆಗೆದು, ಒದ್ದೆಬಟ್ಟೆಯಿಂದ ಬಾಯಿಯನ್ನು ಒರೆಸಿ, ವಾಂತಿ ಮಾಡಿಸಲು ಹೋಗದೆ ವೈದ್ಯರಿಗೆ ತೋರಿಸಿ.

ಅದು ಮನೆಯೊಳಗೆ ಏಕೆ ಬರುತ್ತದೆ?

ಸಹಸ್ರಪದಿಯ ಆಹಾರ ಕೊಳೆತ ಎಲೆ, ಕೊಳೆತ ಕಟ್ಟಿಗೆ, ಪಾಚಿ ಮುಂತಾದವು. ಮನೆಯ ಧಾನ್ಯವನ್ನಾಗಲಿ ಬಟ್ಟೆಯನ್ನಾಗಲಿ ಅದು ಹುಡುಕಿಕೊಂಡು ಬರುವುದಿಲ್ಲ. ಸೊಳ್ಳೆ, ನೊಣಗಳಂತೆ ಮನುಷ್ಯರಿಗೆ ರೋಗವನ್ನು ಹರಡುವುದೂ ಇಲ್ಲ. ಅದರ ಮೈಯ ತೇವ ಬಹುಬೇಗ ಆರಿಹೋಗುವುದರಿಂದ ಒದ್ದೆಯಿಲ್ಲದ ಕಡೆ ಅದು ಬದುಕಲಾರದು. ಮಳೆ ಜೋರಾಗಿ ನೆಲದಲ್ಲಿ ನೀರು ನಿಂತಾಗ ಅಡಗುತಾಣಗಳಿಂದ ಹೊರಬಿದ್ದು ಗೋಡೆ ಏರುತ್ತದೆ, ಬಾಗಿಲ ಸಂದಿಯಿಂದ ಒಳನುಗ್ಗುತ್ತದೆ. ಒಳಗೆ ಬಂದದ್ದು ಒಣಗಿದ ನೆಲದಲ್ಲಿ ಒಂದೆರಡು ದಿನಗಳಲ್ಲೇ ಸತ್ತುಹೋಗುತ್ತದೆ. ಹಾಗಲ್ಲದೆ ಮನೆಯೊಳಗೆ ವಾರಗಟ್ಟಲೆ ಅವು ಜೀವಂತವಾಗಿ ಓಡಾಡುತ್ತಿದ್ದರೆ, ಒಳಗೆಲ್ಲೋ ತೇವ ನಿಂತಿದೆ ಎಂದರ್ಥ. ಆ ತೇವದಿಂದ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಮನೆಯ ಶ್ವಾಸರೋಗಿಗಳಿಗೆ ಬೂಷ್ಟು ಹುಳುವಿಗಿಂತ ಹೆಚ್ಚು ಅಪಾಯಕಾರಿ.

ನಿವಾರಣೆಗೆ ಚರಕರ ಮೂರು ಹೆಜ್ಜೆಗಳು

ಚರಕಸಂಹಿತೆಯ ವಿಮಾನಸ್ಥಾನದ 7ನೇ ಅಧ್ಯಾಯದಲ್ಲಿ ದೇಹದೊಳಗಿನ ಕ್ರಿಮಿಗಳಿಗೆ ಮೂರು ಬಗೆಯ ಉಪಕ್ರಮಗಳನ್ನು ಹೇಳಿದೆ. ಕ್ರಿಮಿಗಳನ್ನು ಹೊರತೆಗೆಯುವ ಅಪಕರ್ಷಣ, ಅವು ಬೆಳೆಯುವ ಪರಿಸ್ಥಿತಿಯನ್ನೇ ಕೆಡಿಸುವ ಪ್ರಕೃತಿವಿಘಾತ, ಕಾರಣಗಳನ್ನು ಬಿಡುವ ನಿದಾನವರ್ಜನ. ಅಲ್ಲಿ ಹೇಳಿರುವುದು ದೇಹಕ್ಕಾದರೂ ಆ ಕ್ರಮ ಮನೆಗೂ ಚೆನ್ನಾಗಿ ಹೊಂದುತ್ತದೆ.

ಮೊದಲನೆಯದು ಅಪಕರ್ಷಣ. ಕಂಡ ಹುಳುವನ್ನು ಕಾಲಿನಿಂದ ಹೊಸಕಬೇಡಿ. ಘಾಟು ವಾಸನೆ, ಕಲೆ, ಉರಿ ಎಲ್ಲವೂ ಹೊಸಕುವುದರಿಂದಲೇ ಬರುವುದು. ಪೊರಕೆಯಿಂದ ಮೆಲ್ಲಗೆ ಮೊರಕ್ಕೆ ಅಥವಾ ರಟ್ಟಿನ ಮೇಲೆ ಸರಿಸಿ, ಮನೆಯಿಂದ ದೂರದ ಗೊಬ್ಬರದ ಗುಂಡಿಗೋ ಮರದ ಬುಡಕ್ಕೋ ಹಾಕಿ. ಕೈಯಿಂದ ಎತ್ತಬೇಕಾಗಿ ಬಂದರೆ ಕೈಗವಸು ಇರಲಿ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಕಣ್ಣನ್ನು ಮುಟ್ಟಬೇಡಿ. ಮಕ್ಕಳಿಗೆ ಈ ಮಾತನ್ನು ವಿಶೇಷವಾಗಿ ಹೇಳಿಕೊಡಿ, ಏಕೆಂದರೆ ಅದು ಸುರುಳಿ ಸುತ್ತುವುದನ್ನು ನೋಡಲು ಅವರು ಪದೇ ಪದೇ ಮುಟ್ಟುತ್ತಾರೆ.

ಎರಡನೆಯದು ಪ್ರಕೃತಿವಿಘಾತ, ಅಂದರೆ ಒಣಗಿಸುವುದು. ಮನೆಯ ಗೋಡೆಯ ಸುತ್ತ ಎರಡು ಅಡಿಯಷ್ಟು ಅಗಲಕ್ಕೆ ಎಲೆ, ಹುಲ್ಲು, ಕಸವಿಲ್ಲದಂತೆ ಬಯಲು ಮಾಡಿ, ಸಾಧ್ಯವಿದ್ದರೆ ಜಲ್ಲಿ ಹರಡಿ. ಸೂರಿನ ನೀರು ಗೋಡೆಯ ಬುಡದಲ್ಲಿ ಇಂಗದೆ ಕಾಲುವೆಯಲ್ಲಿ ಹರಿದುಹೋಗಲಿ. ಸೋರುವ ನಲ್ಲಿಯನ್ನು ಸರಿಪಡಿಸಿ. ಬಚ್ಚಲನ್ನು ಬಳಸಿದ ಮೇಲೆ ನೀರು ಎಳೆದು, ಮಳೆ ಬಿಟ್ಟಾಗಲೆಲ್ಲ ಕಿಟಕಿ ತೆರೆದು ಗಾಳಿಯಾಡಲು ಬಿಡಿ. ಇನ್ನೊಂದು ವಿಷಯವನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಕಾಲೊರೆಸಲೆಂದು ಹೊಸ್ತಿಲ ಮುಂದೆ ಹಾಕಿದ ಗೋಣಿಚೀಲ ಮಳೆಗಾಲವಿಡೀ ಒದ್ದೆಯಾಗಿಯೇ ಬಿದ್ದಿರುತ್ತದೆ. ಅದನ್ನು ಎತ್ತಿ ನೋಡಿದರೆ ಅದರಡಿಯಲ್ಲೇ ಹುಳುಗಳ ಬಿಡಾರವಿರುತ್ತದೆ. ಆ ಚೀಲವನ್ನು ದಿನವೂ ಕೊಡವಿ ಒಣಗಿಸಿ, ಇಲ್ಲವೇ ತೆಗೆದುಬಿಡಿ.

ಮೂರನೆಯದು ನಿದಾನವರ್ಜನ. ತಿಪ್ಪೆ, ಗೊಬ್ಬರದ ಗುಂಡಿ, ತೆಂಗಿನ ಗರಿ, ಅಡಿಕೆಸಿಪ್ಪೆಯ ರಾಶಿಗಳು ಗೋಡೆಗೆ ತಾಗಿಕೊಂಡಿರಬಾರದು. ಕಟ್ಟಿಗೆಯನ್ನು ನೆಲದಿಂದ ಒಂದು ಅಡಿ ಎತ್ತರದ ಅಟ್ಟಣಿಗೆಯ ಮೇಲೆ ಒಟ್ಟಿ. ಹೂಕುಂಡಗಳ ಕೆಳಗೆ ಇಟ್ಟಿಗೆ ಇಟ್ಟು ಗಾಳಿಯಾಡುವಂತೆ ಮಾಡಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಬಡಿಸಿ, ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಬಚ್ಚಲ ಮೋರಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಮಕ್ಕಳನ್ನು ಮಳೆಗಾಲದಲ್ಲಾದರೂ ಮಂಚದ ಮೇಲೆ ಮಲಗಿಸಿ. ಮಂಚವಿಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿ. ಹಾಸಿಗೆ, ಬೂಟು, ಶಾಲೆಯ ಚೀಲಗಳನ್ನು ಕೊಡವಿ ಬಳಸುವ ರೂಢಿ ಇರಲಿ. ಈ ಅಭ್ಯಾಸಗಳು ಜರಿ, ಚೇಳು, ಹಾವುಗಳಿಂದಲೂ ರಕ್ಷಣೆ ಕೊಡುತ್ತವೆ.

ವಿಷದ ಪುಡಿ ಬೇಡ

ಹುಳು ಹೆಚ್ಚಾದವೆಂದು ಹೊಸ್ತಿಲಿಗೆ, ಹಾಸಿಗೆಯ ಸುತ್ತ, ಧಾನ್ಯದ ಚೀಲಗಳ ನಡುವೆ ಕೀಟನಾಶಕದ ಪುಡಿ ಚೆಲ್ಲುವವರಿದ್ದಾರೆ. ಹಿಂದೆ ಮನೆಮನೆಯಲ್ಲೂ ಇದ್ದ ಬಿ.ಎಚ್.ಸಿ. ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧಿಸಲಾಯಿತು. ಹಳೆಯ ಡಬ್ಬಿ ಅಟ್ಟದ ಮೇಲೆ ಉಳಿದಿದ್ದರೆ ಅದನ್ನು ಬಳಸಬೇಡಿ, ಬಾವಿ ಹಳ್ಳಗಳಿಗೆ ಎಸೆಯಲೂಬೇಡಿ. ವಿಲೇವಾರಿಯ ಬಗ್ಗೆ ಕೃಷಿ ಇಲಾಖೆಯವರನ್ನು ಕೇಳಿ. ಹೊಲಕ್ಕೆಂದು ತಂದ ಔಷಧಿಯನ್ನು ಮನೆಯೊಳಗೆ ಸಿಂಪಡಿಸುವುದು ಇನ್ನೂ ಅಪಾಯಕರ. ಸಹಸ್ರಪದಿಗಳು ಮಣ್ಣಿನೊಳಗೆ, ತರಗೆಲೆಯ ಅಡಿಯಲ್ಲಿ ಇರುವುದರಿಂದ ಹೊಸ್ತಿಲ ಪುಡಿಯಿಂದ ಬಂದವಷ್ಟೇ ಸಾಯುತ್ತವೆ, ಹಿಂದಿನವು ಬರುತ್ತಲೇ ಇರುತ್ತವೆ. ಪುಡಿ ಮಾತ್ರ ನೆಲದಲ್ಲಿ ಉಳಿಯುತ್ತದೆ. ಅದೇ ನೆಲದಲ್ಲಿ ಮಗು ಅಂಬೆಗಾಲಿಟ್ಟು ಕೈಯನ್ನು ಬಾಯಿಗೆ ಹಾಕುತ್ತದೆ. ಹುಳುವಿನಿಂದ ಆಗುವ ಹಾನಿ ಒಂದು ಕಲೆ, ವಿಷದಿಂದ ಆಗುವ ಹಾನಿ ಪ್ರಾಣಕ್ಕೇ ಬರಬಹುದು. ಸೀಮೆಎಣ್ಣೆ ಸುರಿಯುವುದೂ ಅಷ್ಟೇ ಅಪಾಯಕರ.

ಹಿತ್ತಲಿನಲ್ಲಿ ಅದಕ್ಕೂ ಕೆಲಸವಿದೆ

ಮನೆಯೊಳಗೆ ಬೇಡವಾದ ಈ ಜೀವಿ ತೋಟದಲ್ಲಿ ನಮ್ಮ ಉಪಕಾರಿ. ಬಿದ್ದ ಎಲೆಗಳನ್ನು ಪುಡಿಮಾಡಿ ತಿಂದು, ಅದರ ಸಾರವನ್ನು ಮಣ್ಣಿಗೆ ಹಿಂದಿರುಗಿಸುವುದು ಅದರ ನಿತ್ಯದ ಕೆಲಸ. ಪಶ್ಚಿಮಘಟ್ಟದ ತಪ್ಪಲಿನ ತೋಟಗಳಲ್ಲಿ ಗೋಲಿಯಂತೆ ಉಂಡೆಯಾಗುವ ಸಹಸ್ರಪದಿಗಳಿವೆ. ಅವು ತಿಂದು ಹಾಕುವ ಹಿಕ್ಕೆ ಉತ್ತಮ ಗೊಬ್ಬರವಾಗುವುದನ್ನು ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಆದ್ದರಿಂದ ಅದನ್ನು ನಿರ್ಮೂಲ ಮಾಡುವ ಹಟ ಬೇಡ. ಅದರ ಜಾಗದಲ್ಲಿ ಅದು, ನಮ್ಮ ಜಾಗದಲ್ಲಿ ನಾವು ಇರುವಂತೆ ನೋಡಿಕೊಂಡರೆ ಸಾಕು.

ಮೊದಲಲ್ಲಿ ಹೇಳಿದ ಆ ಬಾಲಕ ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾನೆ. ಅವನ ತಾಯಿ ಮೊನ್ನೆ ಬಂದಾಗ, “ಈಗ ಮಳೆಗಾಲ ಬಂತೆಂದರೆ ಮೊದಲು ಹೊಸ್ತಿಲ ಗೋಣಿಚೀಲ ತೆಗೆದುಹಾಕುತ್ತೇನೆ, ಹಾಸಿಗೆಯ ಬಳಿ ಒಂದು ತಂಬಿಗೆ ನೀರು ಇಟ್ಟೇ ಮಲಗುತ್ತೇವೆ” ಎಂದು ಹೇಳಿದರು. ಈ ಲೇಖನವನ್ನು ಓದಿದ ಪ್ರತಿಯೊಂದು ಮನೆಯಲ್ಲೂ ಅಷ್ಟು ಎಚ್ಚರ ಮೂಡಲಿ. ಹುಳುವನ್ನು ಹೊಸಕಬೇಡಿ, ಸೋಕಿದರೆ ಮೊದಲು ನೀರಿನಿಂದ ತೊಳೆಯಿರಿ, ಕಣ್ಣಿಗೆ ತಾಗಿದರೆ ಅಂದೇ ನೇತ್ರತಜ್ಞರನ್ನು ಕಾಣಿರಿ, ಮನೆಯನ್ನು ಒಣಗಿಸಿಡಿ.